ಒಲೆಯ ಮುಂದಿಂದ ಏಳುವ ಹಾಗಿಲ್ಲ

ನಮ್ಮ ಊಟದ ಮೇಜಿನ ಮೇಲಿಂದ ನೀರಿನ ಹೂಜಿ ಯಾವಾಗ ಮಾಯವಾಯಿತೋ ನಾನು ಗಮನಿಸಲೇ ಇಲ್ಲ. ಅಡುಗೆ, ಕೋಳಿ, ಬಟ್ಟೆ, ಹಿತ್ತಲು ಎಲ್ಲ ನನ್ನ ತಲೆಯ ಮೇಲೇ ಇರುವುದು. ಒಂದು ಚಮಚ ಅತ್ತಿತ್ತಾದರೂ ನನ್ನ ಕಣ್ಣಿಗೆ ಬೀಳುತ್ತದೆ. ಇದು ಬೀಳಲಿಲ್ಲ. ವೈನಿನ ಬಾಟಲಿ ಅದರ ಜಾಗದಲ್ಲಿತ್ತು, ನನ್ನ ತಮ್ಮ ಬಾಕಿಸಿಯೊಗೆ ಅಷ್ಟಿದ್ದರೆ ಸಾಕು. ಹೂಜಿ ಮಾತ್ರ ಅವ್ವನ ಬೆನ್ನ ಹಿಂದಿನ ಕಿಟಕಿಯ ಕಟ್ಟೆ ಸೇರಿತ್ತು. ನೀರು ಬೇಕಾದವರು ಎದ್ದು ಹೋಗಿ ಕುಡಿಯಬೇಕು. ನಮ್ಮಲ್ಲಿ ಎದ್ದು ಹೋಗಲು ಕಷ್ಟವಿದ್ದದ್ದು ಒಬ್ಬಳಿಗೇ.

ಅವಳು ರಿಮೇಡಿಯಾ, ಬಾಕಿಸಿಯೊನ ಹೆಂಡತಿ. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ. ನಮ್ಮ ಸಾರ್ದಿನಿಯಾ ದ್ವೀಪದಲ್ಲಿ ಈ ಕಾಯಿಲೆ ಯಾರಿಗೂ ಹೊಸದಲ್ಲ. 'ಸ್ಕ್ಲೆರೋಸಿ' ಎಂದರೆ ಸಾಕು, ಅಂಗಡಿಯಲ್ಲಿ ಉಪ್ಪು ಕಟ್ಟಿಕೊಡುವವನೂ ತಲೆಯಾಡಿಸುತ್ತಾನೆ. ಅವನ ಮನೆಯಲ್ಲೋ ನೆಂಟರಲ್ಲೋ ಒಬ್ಬರಿರುತ್ತಾರೆ. ಕಾಲು ಜೋಮು ಹಿಡಿಯುವುದು, ಕಣ್ಣು ಮಂಜಾಗುವುದು, ಕೋಲು, ಗಾಲಿಕುರ್ಚಿ, ಇದನ್ನೆಲ್ಲ ಚರ್ಚಿನ ಮೆಟ್ಟಿಲ ಮೇಲೆ ನಿಂತು ಬಾಯಿತುಂಬ ಮಾತಾಡುತ್ತೇವೆ. ಅದೇ ಕಾಯಿಲೆ ಕಿಬ್ಬೊಟ್ಟೆಗೆ ಇಳಿದು ಮೂತ್ರದ ಚೀಲಕ್ಕೆ ಕೈ ಹಾಕಿತೆಂದರೆ ಎಲ್ಲರ ಬಾಯಿಗೂ ಬೀಗ.

ರಿಮೇಡಿಯಾಳಿಗೆ ಅದು ಕೈ ಹಾಕಿ ಎರಡು ವರ್ಷವಾಗಿತ್ತು. ಒಂದಕ್ಕೆ ಅವಸರವಾಯಿತೆಂದರೆ ಆಗಿಹೋಯಿತು, ಬಚ್ಚಲಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಕೆಲಸ ಕೆಡುತ್ತಿತ್ತು. ಕೆಲವು ಸಲ ಹೋಗಿ ಎಷ್ಟು ಹೊತ್ತು ಕೂತರೂ ನಾಲ್ಕು ಹನಿ, ಎದ್ದು ಬಂದ ಮೇಲೆ ಮತ್ತೆ ಅವಸರ. ಅವಳು ಯಾರಿಗೂ ಏನೂ ಹೇಳಲಿಲ್ಲ. ಬೇರೆಯವರ ಮನೆಗೆ ಹೋಗುವುದನ್ನೇ ಬಿಟ್ಟಳು. ಹೋದರೆ ಕಾಫಿ ಕುಡಿಯಬೇಕು, ನಮ್ಮೂರಲ್ಲಿ ಕಾಫಿ ಬೇಡವೆಂದರೆ ಆ ಮನೆಯವರ ಮುಖಕ್ಕೆ ಹೊಡೆದಂತೆ; ಕುಡಿದರೆ ಇವಳ ಗತಿ ಕೇಳುವಂತಿಲ್ಲ. "ಬಾಕಿಸಿಯೊನ ಹೆಂಡತಿಗೆ ಜಂಬ ಬಂದಿದೆ" ಎಂದು ಬೀದಿಯವರು ಆಡಿಕೊಂಡರು. ಬಟ್ಟೆ ಒಗೆಯುವವಳು ನಾನು, ನನಗೆ ಗೊತ್ತಿತ್ತು. ಅವ್ವನಿಗೆ ಗೊತ್ತಿತ್ತು. ನಾವಿಬ್ಬರೂ ಮಾತಾಡಲಿಲ್ಲ.

ಅವಳು ಬಿಡದೆ ಹಿಡಿದುಕೊಂಡದ್ದು ಒಂದೇ ಒಂದು ಜಾಗ, ಒಲೆಬಾಯಿ.

ನಮ್ಮಲ್ಲಿ ಕುರಿ ಕಾಯುವವರ ಮನೆಗೆ ಕರಸಾವು ರೊಟ್ಟಿ ಇಲ್ಲದೆ ಆಗುವುದಿಲ್ಲ. ಹಪ್ಪಳದಷ್ಟು ತೆಳ್ಳಗೆ, ತಟ್ಟೆಗಿಂತ ಅಗಲ. ಬೆಟ್ಟಕ್ಕೆ ಕೊಂಡೊಯ್ದರೆ ತಿಂಗಳುಗಟ್ಟಲೆ ಕೆಡದು. ತಿಂಗಳಿಗೊಮ್ಮೆ ಅಂಗಳದ ಆಚೆಯ ಒಲೆಕೋಣೆಯಲ್ಲಿ ಕೂತು ಮಾಡುತ್ತೇವೆ. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅವ್ವ ಲಟ್ಟಿಸುತ್ತಾಳೆ. ಲಟ್ಟಿಸಿದ್ದನ್ನು ಉದ್ದನೆಯ ಉಣ್ಣೆಬಟ್ಟೆಯ ಮಡಿಕೆಗಳಲ್ಲಿ ಜೋಡಿಸುವುದು ನಾನು. ಒಲೆಯ ಮುಂದೆ ಗಿಡ್ಡ ಮಣೆಯ ಮೇಲೆ ಕೂತವಳು ಉದ್ದ ಹಿಡಿಯ ಹಲಗೆಯಿಂದ ರೊಟ್ಟಿಯನ್ನು ಒಳಗೆ ತಳ್ಳುತ್ತಾಳೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡಿನ ಹಾಗೆ ಉಬ್ಬುತ್ತದೆ, ಇನ್ನೊಂದು ಗಳಿಗೆ ಬಿಟ್ಟರೆ ಕರಿ. ಉಬ್ಬಿದ್ದನ್ನು ಎಳೆದು ಕೊಟ್ಟರೆ ಪಕ್ಕದ ಮನೆಯ ಜಿಯಾ ಬಸ್ತಿಯಾನಾ ಅಂಚಿಗೆ ಚಾಕು ಆಡಿಸಿ ಒಂದನ್ನು ಎರಡು ಮಾಡುತ್ತಾಳೆ. ಹಿರಿಯ ಹೆಂಗಸರನ್ನು ನಾವು ಜಿಯಾ ಎಂದೇ ಕರೆಯುವುದು. ಎಲ್ಲ ಮುಗಿದ ಮೇಲೆ ಅವನ್ನು ಮತ್ತೊಂದು ಸಲ ಒಲೆಗೆ ಕೊಟ್ಟು ಗರಿಗರಿ ಮಾಡಬೇಕು. ಬೆಳಿಗ್ಗೆ ಕೂತರೆ ಮಧ್ಯಾಹ್ನ ದಾಟುತ್ತದೆ.

ಒಲೆಬಾಯಿಗೆ ಕೂತವಳು ನಡುವೆ ಏಳುವ ಹಾಗಿಲ್ಲ. ಇದು ಅವ್ವನ ಕಾನೂನು, ಅವಳ ಅತ್ತೆಯದೂ. ಕೈ ಬದಲಾದರೆ ರೊಟ್ಟಿ ಉಬ್ಬುವುದಿಲ್ಲವಂತೆ. ಅವಳು ಏಳದಿದ್ದ ಮೇಲೆ ಉಳಿದವರೂ ಏಳುವುದಿಲ್ಲ. ಅವ್ವನಿಗೆ ಕೈ ನಡುಗತೊಡಗಿದಾಗ ಆ ಮಣೆ ರಿಮೇಡಿಯಾಳಿಗೆ ಬಂತು. ನನಗೆ ಬರಲಿಲ್ಲ, ನನ್ನ ಕೈ ಒರಟು. ಹೊಟ್ಟೆಕಿಚ್ಚು ಪಟ್ಟೆ, ಯಾಕೆ ಸುಳ್ಳು ಹೇಳಲಿ. ಆದರೆ ಅವಳ ಕೈಯ ರೊಟ್ಟಿ ನೋಡಿ ಬಾಯಿ ಮುಚ್ಚಿಕೊಂಡೆ.

ಫೆಬ್ರವರಿಯಲ್ಲಿ ರೊಟ್ಟಿಯ ದಿನ ಅವಳು ಕೂತಾಗಲೇ ತುಟಿ ಒಣಗಿ ಬಿರಿದಿತ್ತು. ಹಿಂದಿನ ದಿನದ ಮಧ್ಯಾಹ್ನದಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಬೆಂಕಿಯ ಎದುರು, ಮುಖ ಕೆಂಡದ ಹಾಗಿದ್ದರೂ ಒಂದು ರೊಟ್ಟಿ ಕೆಡಿಸಲಿಲ್ಲ. ಎಲ್ಲ ಮುಗಿದು ಹಲಗೆಯನ್ನು ಗೋಡೆಗೆ ಒರಗಿಸಿ ಏಳಹೋದಳು, ಕಾಲು ಬರಲಿಲ್ಲ.

"ಅಕ್ಕ," ಎಂದಳು ನನಗೆ, "ನನ್ನ ಕಾಲೆಲ್ಲಿ?"

ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ಒಲೆಯ ಕಾವು ಅಂದುಕೊಂಡೆವು. ಬಾಕಿಸಿಯೊ ಬಂದು, ಕಾಲು ಮುರಿದ ಕುರಿಯನ್ನು ಎತ್ತುವ ಹಾಗೆ ಹೆಗಲ ಮೇಲೆ ಹಾಕಿಕೊಂಡು ಒಳಗೆ ಮಲಗಿಸಿದ.

ಆವತ್ತಿನ ಊಟಕ್ಕೆ ಬೀನ್ಸ್ ಕಾಳು ಮತ್ತು ಹಂದಿಕೊಬ್ಬಿನ ಸಾರು ಮಾಡಿದ್ದೆ, ಯಾರೂ ಸರಿಯಾಗಿ ತಿನ್ನಲಿಲ್ಲ.

"ಮುಗೀತು," ಎಂದಳು ಅವ್ವ. "ಇನ್ನು ಒಲೆ ಅವಳಿಗಲ್ಲ. ಈ ಕಾಯಿಲೆಗೆ ಶಾಖ ಆಗಲ್ಲ ಅಂತ ಡಾಕ್ಟರೇ ಹೇಳಿಲ್ವಾ?"

"ಹೋದ್ಸಲನೂ ಕೂತಿದ್ಲಲ್ಲವ್ವ," ಎಂದ ಬಾಕಿಸಿಯೊ. "ಸುಸ್ತಾಗ್ತಿತ್ತು, ತಣ್ಣಗಾದ್ಮೇಲೆ ಸರಿಹೋಗ್ತಿತ್ತು."

"ಹೋದ್ಸಲ ಬೇರೆ, ಈಗ ಬೇರೆ. ಕಾಯಿಲೆ ಮುಂದಕ್ಕೆ ಹೋಗಿದೆ ಕಣೋ. ನಿನಗೆ ಕುರಿ ಬಿಟ್ರೆ ಏನು ಗೊತ್ತಾಗುತ್ತೆ? ಬತ್ತಿಸ್ತೀನಾ, ನಾಳೆ ಔಷಧಿ ಅಂಗಡಿಗೆ ಹೋಗಿ ದೊಡ್ಡವರಿಗೆ ಹಾಕೋ ಆ ಚಡ್ಡಿ ತಗೊಂಡು ಬಾ. ಸುಮ್ನೆ ಮಲಗಿರ್ಲಿ, ನಾವು ನೋಡ್ಕೊಳ್ಳೋಣ."

ಬತ್ತಿಸ್ತೀನಾ ಎಂದರೆ ನಾನು. ಬಾಕಿಸಿಯೊನ ಮಗಳು ಡೇಬೋರಾ, ಆಗಷ್ಟೇ ಕಾರು ಓಡಿಸಲು ಕಲಿತಿದ್ದವಳು, ಚಮಚವನ್ನು ತಟ್ಟೆಗೆ ಕುಕ್ಕಿದಳು.

"ಅಮ್ಮನ್ನ ಕೇಳಿದ್ರಾ ಯಾರಾದ್ರೂ?"

"ಜ್ವರದಲ್ಲಿರೋಳನ್ನ ಏನೇ ಕೇಳೋದು?"

"ಜ್ವರ ಇದ್ರೆ ಜ್ವರಕ್ಕೆ ಡಾಕ್ಟರ್ ಹತ್ರ ಹೋಗ್ಬೇಕು ಅಜ್ಜಿ, ಚಡ್ಡಿ ಅಂಗಡಿಗಲ್ಲ."

"ನೋಡು ಹೇಗೆ ಎದುರುತ್ತರ ಕೊಡ್ತಾಳೆ," ಎಂದು ಅವ್ವ ನನ್ನ ಕಡೆ ತಿರುಗಿದಳು. ನಾನು ತಟ್ಟೆ ಎತ್ತಿದೆ. ಮರುದಿನ ಔಷಧಿ ಅಂಗಡಿಗೂ ಹೋಗಿ ಬಂದೆ. ರಿಮೇಡಿಯಾ ಆ ಕಟ್ಟನ್ನು ನೋಡಿದವಳೇ ಗೋಡೆಯ ಕಡೆ ಹೊರಳಿದಳು.

ಜ್ವರ ಇಳಿಯಲಿಲ್ಲ. ಮೂರನೆಯ ದಿನ ಡೇಬೋರಾ ಯಾರನ್ನೂ ಕೇಳದೆ, ಅಪ್ಪನಿಂದ ಅಮ್ಮನನ್ನು ಕಾರಿಗೆ ಎತ್ತಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೋದಳು. ಸಂಜೆ ವಾಪಸಾದಾಗ ರಿಮೇಡಿಯಾ ಸೀದಾ ಹಾಸಿಗೆಗೆ. ಡೇಬೋರಾ ಅಡುಗೆಮನೆಗೆ ಬಂದು ಕೋಟನ್ನೂ ಬಿಚ್ಚದೆ ಕಿಟಕಿಯ ಕಟ್ಟೆ ಮೇಲಿನ ಹೂಜಿ ತಂದು ಮೇಜಿನ ನಡುವೆ ಇಟ್ಟಳು. ನೀರು ತುಳುಕಿ ನನ್ನ ಒಗೆದ ಮೇಜುಬಟ್ಟೆ ಒದ್ದೆಯಾಯಿತು.

"ಇದನ್ನ ಅಲ್ಲಿಟ್ಟಿದ್ದು ಯಾರು?"

ನಾನು ಒರೆಸಲು ಬಟ್ಟೆ ಹುಡುಕಿದೆ.

"ಕಾಯಿಲೆ ಮುಂದಕ್ಕೂ ಹೋಗಿಲ್ಲ, ಹಿಂದಕ್ಕೂ ಹೋಗಿಲ್ಲ. ಮೂತ್ರದಲ್ಲಿ ಸೋಂಕು. ಅದರ ಜ್ವರಕ್ಕೇ ಕಾಲು ಬಿದ್ದೋಗಿರೋದು. ಸೋಂಕು ಹೋದ್ರೆ ಕಾಲು ಬರುತ್ತೆ ಅಂದ್ರು ಡಾಕ್ಟರಮ್ಮ. ದಿನಕ್ಕೆ ಎಷ್ಟು ನೀರು ಕುಡೀತೀರಿ ಅಂತ ಕೇಳಿದ್ರು. ಅಮ್ಮ ಏನಂದ್ಲು ಗೊತ್ತಾ? ಮಾತ್ರೆ ನುಂಗೋವಷ್ಟು ಅಂದ್ಲು. ಯಾಕೆ ಅಂದ್ರೆ ಸುಮ್ನೆ ಕೂತ್ಲು. ನನಗೆ ನಾಚಿಕೆ ಆಯ್ತು, ಅತ್ತೆ. ಒಂದೇ ಮನೇಲಿದ್ದು ನಾನೂ ನೋಡ್ಲಿಲ್ಲ."

"ನಾನೇ ಇಟ್ಟಿದ್ದು," ಎಂದಳು ಅವ್ವ. ಅವಳ ದನಿಯಲ್ಲಿ ಅಳುಕೇನೂ ಇರಲಿಲ್ಲ. "ನೀರು ಒಳಗೆ ಹೋದ್ರೆ ತಾನೇ ಹೊರಗೆ ಬರೋದು? ಕಮ್ಮಿ ಕುಡಿದ್ರೆ ಕಮ್ಮಿ ಕಷ್ಟ. ಪಾಪ, ಎಲ್ಲರೆದುರು ಓಡ್ತಾಳಲ್ಲ ಅಂತ ಮಾಡಿದೆ. ಕೆಟ್ಟದ್ದಕ್ಕೆ ಮಾಡಿದ್ನಾ?"

"ಕೆಟ್ಟದ್ದಕ್ಕೆ ಮಾಡಿದ್ರೇ ಚೆನ್ನಾಗಿತ್ತು, ಜಗಳನಾದ್ರೂ ಆಡಬಹುದಿತ್ತು," ಎಂದಳು ಡೇಬೋರಾ, ಮತ್ತು ಅತ್ತಳು.

ಅದರ ಜೊತೆಗೆ ಇನ್ನೊಂದು ಸುದ್ದಿ ಬಂದಿತ್ತು. ಹೊಟ್ಟೆಯ ಮೇಲೆ ಯಂತ್ರ ಆಡಿಸಿ ನೋಡಿದರಂತೆ. ಒಂದಕ್ಕೆ ಹೋಗಿ ಬಂದ ಮೇಲೂ ಚೀಲದಲ್ಲಿ ಅರ್ಧಕ್ಕರ್ಧ ಹಾಗೇ ನಿಂತಿರುತ್ತದಂತೆ. ನಿಂತ ನೀರು ಕೊಳೆಯದೆ ಇನ್ನೇನಾಗುತ್ತದೆ. ಅದನ್ನು ಹೊರಗೆ ಹಾಕಲು ಬೆರಳಿಗಿಂತ ತೆಳ್ಳಗಿನ ಒಂದು ನಳಿಕೆ, ದಿನಕ್ಕೆ ನಾಲ್ಕು ಸಲ ತಾನೇ ಹಾಕಿಕೊಂಡು ತೆಗೆಯಬೇಕು. ಹೇಗೆಂದು ಅಲ್ಲಿಯ ನರ್ಸು ತೋರಿಸಿಕೊಟ್ಟಿದ್ದಳು. ನಳಿಕೆಗಳ ಡಬ್ಬಿಯನ್ನು ರಿಮೇಡಿಯಾ ಕಪಾಟಿನ ತಳದಲ್ಲಿ, ಚಳಿಗಾಲದ ಕಂಬಳಿಗಳ ಅಡಿ ತುರುಕಿ ಇಟ್ಟಳು.

ಮಾತ್ರೆಗೆ ಜ್ವರ ಇಳಿಯಿತು, ಒಂದು ವಾರದಲ್ಲಿ ಗೋಡೆ ಹಿಡಿದು ನಡೆದಳು. ಡಬ್ಬಿ ಮಾತ್ರ ಕಂಬಳಿಯ ಅಡಿಯಲ್ಲೇ ಇತ್ತು. ಡೇಬೋರಾ ಬೇಡಿಕೊಂಡಳು, ಗದರಿದಳು. "ಸಾಯ್ತೀನೇ ಹೊರತು ಅದನ್ನ ಮಾಡಲ್ಲ," ಎಂದಳು ರಿಮೇಡಿಯಾ. ಅವ್ವ ಅವಳ ಪರ. "ದೇವರು ಕೊಟ್ಟ ಮೈಗೆ ಪೈಪು ಹಾಕ್ಕೊಳ್ಳೋದು ಅಂದ್ರೇನು? ನಾವೇನು ಟ್ರ್ಯಾಕ್ಟರಾ?"

ಒಂದು ಭಾನುವಾರ, ಆಲೂಗಡ್ಡೆ ಮತ್ತು ಕುರಿಮರಿಯ ಮಾಂಸ ಬಡಿಸುತ್ತಿದ್ದೆ. ಹೆಚ್ಚು ಮಾತಾಡದ ಬಾಕಿಸಿಯೊ ಅವತ್ತು ಮೂಳೆ ಚೀಪುತ್ತಲೇ ಶುರು ಮಾಡಿದ.

"ನಮ್ಮ ಆ ದೊಡ್ಡ ಟಗರು ನೆನಪಿದ್ಯಾ, ರಿಮೇಡಿಯಾ? ಒಂಟಿ ಕೊಂಬಿಂದು?"

"ಊಟದ ಹೊತ್ನಲ್ಲಿ ಟಗರ ಕತೆ ಯಾಕೀಗ?"

"ಅದಕ್ಕೆ ಒಂದಕ್ಕೆ ಕಟ್ಟಿತ್ತು. ಮೊದಲು ಹಲ್ಲು ಕಡೀತು. ಆಮೇಲೆ ಕಾಲು ಒದೀತು. ನಾನು ಸುಮ್ನಿದ್ದೆ, ತಾನಾಗೇ ಬರುತ್ತೆ ಅಂತ. ನಾಲ್ಕನೇ ದಿನ ಎದ್ದು ನಿಂತ್ಕೊಳ್ಳಲಿಲ್ಲ. ಹೊಟ್ಟೆ ಸೀಳಿ ನೋಡಿದ್ರೆ ಒಳಗೆಲ್ಲಾ ಒಡೆದು ಹೋಗಿತ್ತು. ಪಶುವೈದ್ಯ ಬಂದು ಬೈದ. ಒಂದು ನಳಿಕೆ ಹಾಕಿದ್ರೆ ಬದುಕೋದು ಕಣಯ್ಯ, ನಾಚಿಕೆ ನಿನಗಾ, ಟಗರಿಗಾ ಅಂದ."

"ಅಪ್ಪಾ!" ಎಂದಳು ಡೇಬೋರಾ.

"ಈಗ ನನ್ನನ್ನ ಟಗರು ಮಾಡಿದ್ಯಾ?" ಎಂದಳು ರಿಮೇಡಿಯಾ. ಮುಖ ಕೆಂಪಾಗಿತ್ತು.

"ಟಗರು ಮಾಡಿಲ್ಲ. ಟಗರು ಸತ್ರೆ ಇನ್ನೊಂದು ತಗೋಬಹುದು." ಅವನು ಮೂಳೆಯನ್ನು ತಟ್ಟೆಗಿಟ್ಟು ಕೈ ಒರೆಸಿಕೊಂಡ. "ನೀನು ಸತ್ರೆ ನಾನೇನ್ ಮಾಡ್ಲಿ?"

ಮದುವೆಯಾದಾಗಿನಿಂದ ಅವನು ಹೆಂಡತಿಗೆ ಇಷ್ಟು ದೊಡ್ಡ ಮಾತು ಹೇಳಿದ್ದು ನಾನಂತೂ ಕೇಳಿಲ್ಲ. ರಿಮೇಡಿಯಾ ನಗಲು ಹೋಗಿ ಅತ್ತಳು, ಅಳುತ್ತ ಮತ್ತೆ ನಕ್ಕಳು. "ಬಚ್ಚಲಮನೆ ಬಾಗಿಲಿಗೆ ಚಿಲಕನೇ ಇಲ್ಲ," ಎಂದಳು ಕೊನೆಗೆ. "ಯಾರು ಬೇಕಾದ್ರೂ ನುಗ್ತಾರೆ. ಅದಕ್ಕೆ ಮೊದಲು ಒಂದು ಚಿಲಕ ಹಾಕು."

ಊಟ ಬಿಟ್ಟು ಎದ್ದು ಹೋದವನು ಕುರಿದೊಡ್ಡಿಯ ಗೇಟಿನ ಚಿಲಕ ಕಿತ್ತು ತಂದು ಹೊಡೆದ. ಕೋಣನನ್ನೂ ತಡೆಯುವಂಥ ಚಿಲಕ. ಎಳೆದರೆ ಇಡೀ ಮನೆಗೆ ಕೇಳುತ್ತದೆ.

ಮೊದಲ ದಿನಗಳು ಸುಲಭವಿರಲಿಲ್ಲ. ಅವಳು ಒಳಗೆ ಹೋಗಿ ಚಿಲಕ ಎಳೆದರೆ ನಾವು ಹೊರಗೆ ಉಸಿರು ಬಿಗಿಹಿಡಿದು ಪಾತ್ರೆ ತೊಳೆಯುತ್ತಿದ್ದೆವು. ಒಮ್ಮೆ ಒಳಗಿಂದ ಬೈಗುಳ ಕೇಳಿಸಿತು, ಪಾದ್ರಿಯ ಮುಂದೆ ಹೇಳಲಾಗದಂಥದ್ದು. ನೋಡಿಕೊಂಡು ನಳಿಕೆ ಹಾಕಲು ಹಿಡಿದಿದ್ದ ಕನ್ನಡಿ ಬಿದ್ದಿತ್ತಂತೆ. ಒಂದು ದಿನ ಹೊರಗೆ ಬಂದವಳು ನನ್ನ ಪಕ್ಕ ಕೂತು, "ಅಕ್ಕ, ಖಾಲಿಯಾಗೋದು ಅಂದ್ರೆ ಹೇಗಿರುತ್ತೆ ಅಂತ ಮರ್ತೇ ಹೋಗಿತ್ತು," ಎಂದಳು. ಅವತ್ತು ಅವಳೇ ಜಿಯಾ ಬಸ್ತಿಯಾನಾಳ ಮನೆಗೆ ಹೋಗಿ ಬಂದಳು. ಕಾಫಿ ಬೇಡ, ಡಾಕ್ಟರು ಕಡಿಮೆ ಮಾಡಲು ಹೇಳಿದ್ದಾರೆ ಎಂದು ಬಾಗಿಲಲ್ಲೇ ಹೇಳಿಬಿಟ್ಟಳಂತೆ. ಯಾರೂ ಸಾಯಲಿಲ್ಲ.

ಈ ನಡುವೆ ಮಾರ್ಚಿನ ರೊಟ್ಟಿಗೆ ಒಲೆಬಾಯಿಯಲ್ಲಿ ಕೂತವಳು ನಮ್ಮ ಚಿಕ್ಕಪ್ಪನ ಮಗಳು ಲುಕಿಯಾ. ಒಳ್ಳೆಯ ಹುಡುಗಿ, ಬಾಯಿ ಸುಮ್ಮನಿರದು. ಮಾತಾಡುತ್ತ ಮಾತಾಡುತ್ತ ರೊಟ್ಟಿಯನ್ನೆಲ್ಲ ಕರಿ ಮಾಡಿದಳು. ಬಾಕಿಸಿಯೊ ಅದನ್ನು ಬೆಟ್ಟಕ್ಕೆ ಒಯ್ದು ನಾಯಿಗಳಿಗೆ ಹಾಕಿದ, ಅವೂ ಅನುಮಾನಿಸಿದವಂತೆ. ರಿಮೇಡಿಯಾ ಅವತ್ತಿಡೀ ಅಡುಗೆಮನೆಯ ಕಿಟಕಿಯಲ್ಲಿ ಕೂತು ಒಲೆಕೋಣೆಯ ಹೊಗೆ ನೋಡುತ್ತಿದ್ದಳು.

ಈಸ್ಟರ್ ಹತ್ತಿರವಾಯಿತು. ಹಬ್ಬಕ್ಕೆ ದೊಡ್ಡ ಒಬ್ಬೆ, ನೆಂಟರಿಗೂ ಹಂಚಬೇಕು.

"ಈ ಸಲ ನಾನು ಕೂರ್ತೀನಿ," ಎಂದಳು ರಿಮೇಡಿಯಾ. ನಾವು ಹೆಂಗಸರೆಲ್ಲ ಬಟಾಣಿ ಸುಲಿಯುತ್ತಿದ್ದೆವು.

"ಲುಕಿಯಾಗೆ ಹೇಳಾಗಿದೆ," ಎಂದಳು ಅವ್ವ.

"ಬೇಡ ಅನ್ನಿ ಅತ್ತೆ. ಡಾಕ್ಟರಮ್ಮನ್ನ ಕೇಳಿದೀನಿ. ಫ್ಯಾನ್ ಇಟ್ಕೊಳ್ಳಿ, ನೀರು ಕುಡೀರಿ, ನಡುನಡುವೆ ಎದ್ದು ತಣ್ಣಗೆ ಕೂತು ಬನ್ನಿ ಅಂದ್ರು."

"ನಡುನಡುವೆ ಎದ್ದು?" ಅವ್ವ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟಳು. "ಅಲ್ಲೇ ಇರೋದು ನೋಡು. ಒಲೆ ಮುಂದಿಂದ ಏಳೋ ಹಾಗಿಲ್ಲ. ನೀನು ಹೊತ್ತು ಹೊತ್ತಿಗೆ ಆ ಪೈಪಿಗೆ ಓಡ್ಬೇಕು. ಎರಡೂ ಆಗಲ್ಲ. ಶಾಖದ ಮಾತು ಬಿಡು, ನಿನ್ನ ಕೈ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಕೂತಲ್ಲಿ ಕೂರಕ್ಕಾಗದವಳಿಗೆ ಅಲ್ಲೇನು ಕೆಲಸ?"

"ಅಜ್ಜಿ, ಅದು ಒಲೆ, ಸಿಂಹಾಸನ ಅಲ್ಲ," ಎಂದಳು ಡೇಬೋರಾ.

"ನೀನು ಸುಮ್ನಿರು. ಒಂದು ರೊಟ್ಟಿ ಲಟ್ಟಿಸೋಕೆ ಬರಲ್ಲ, ಮಾತು ನೋಡು."

ರಿಮೇಡಿಯಾ ದನಿ ಏರಿಸಲಿಲ್ಲ. "ಅತ್ತೆ, ಹೊಲಕ್ಕೆ ಹೋಗೋದು ಬಿಟ್ಟೆ. ಕಾರು ಓಡಿಸೋದು ಬಿಟ್ಟೆ. ಹಾಡೋಕೆ ಚರ್ಚಿಗೆ ಹೋಗೋದೂ ಬಿಟ್ಟೆ. ಆ ಮಣೆ ಒಂದು ಉಳಿದಿದೆ. ಅದೂ ಹೋದ್ರೆ ಈ ಮನೇಲಿ ನಾನು ಯಾರು? ಔಷಧಿ ನುಂಗೋಳು, ಅಷ್ಟೇ. ನಾನು ಕೂರ್ತೀನಿ. ಹೊತ್ತಾದಾಗ ಎದ್ದು ಹೋಗ್ತೀನಿ, ಮುಚ್ಚುಮರೆ ಇಲ್ದೆ ಹೋಗ್ತೀನಿ. ರೊಟ್ಟಿ ಕೆಟ್ರೆ ಅವತ್ತೇ ಮಣೆ ಲುಕಿಯಾಗೆ ಕೊಡಿ, ಮತ್ತೆ ಕೇಳಲ್ಲ."

ಅವ್ವ ಬುಟ್ಟಿಯನ್ನು ಮತ್ತೆ ಎಳೆದುಕೊಂಡು ಬಟಾಣಿ ಸುಲಿದಳು. "ನಾಲ್ಕು ಜನರೆದುರು ಅವಮಾನ ಆಗೋದು ನಿನಗೆ," ಎಂದಳು ಕೊನೆಗೆ. "ಆಗ್ಲಿ, ಕೂತ್ಕೋ."

ಆ ದಿನ ಒಲೆಗೆ ಓಕ್ ಕಟ್ಟಿಗೆ ಹಾಕಿ ಕಾಯಿಸಿದ್ದು ನಾನು. ರಿಮೇಡಿಯಾ ಮಣೆಯ ಮೇಲೆ ಕೂತಳು, ಪಕ್ಕದಲ್ಲಿ ಡೇಬೋರಾ ತಂದಿಟ್ಟ ಫ್ಯಾನು, ನೀರಿನ ಬಾಟಲಿ. ಅವಳ ಕೋಲನ್ನು ನಾನೇ ಹಿಟ್ಟಿನ ಮೇಜಿಗೆ ಒರಗಿಸಿದೆ. ಜಿಯಾ ಬಸ್ತಿಯಾನಾ ಚಾಕು ಹಿಡಿದು, ಲುಕಿಯಾ ಜೋಡಿಸಲು. ಅವ್ವ ಎಂದಿನಂತೆ ಮೂಲೆಯ ಕುರ್ಚಿಯಲ್ಲಿ, ಮಡಿಲ ಮುಂದೆ ಲಟ್ಟಣಿಗೆಯ ಹಲಗೆ, ತಲೆಯಿಂದ ಕಾಲಿನವರೆಗೆ ಕಪ್ಪು. ಅಪ್ಪ ತೀರಿಕೊಂಡ ಮೇಲೆ ಅವಳ ಮೈಮೇಲೆ ಬೇರೆ ಬಣ್ಣ ಕಂಡವರಿಲ್ಲ. ನಾವು ಹಿಟ್ಟಿನ ಮೇಲೆ ಶಿಲುಬೆಯ ಗುರುತು ಎಳೆದು ಶುರು ಮಾಡಿದೆವು.

ಮೊದಲ ರೊಟ್ಟಿ ಉಬ್ಬಿದ್ದು ನೋಡಿ ಲುಕಿಯಾಳೇ, "ಅಯ್ಯೋ, ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ಕಣೆ, ಇನ್ನು ನನ್ನನ್ನ ಯಾರೂ ಬೈಯಲ್ಲ," ಎಂದಳು. ಎಲ್ಲರೂ ನಕ್ಕರು. ಕೈ ಕೈಗೆ ದಾಟುತ್ತ ರೊಟ್ಟಿ ಪೇರಿಕೊಂಡಿತು. ರಿಮೇಡಿಯಾ ನಡುವೆ ನಡುವೆ ಬಾಟಲಿ ಎತ್ತಿ ಎಲ್ಲರಿಗೂ ಕಾಣುವಂತೆ ನೀರು ಕುಡಿದಳು. ಅವ್ವ ಅದನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಅರ್ಧ ಮುಗಿದಿರಬೇಕು, ಅವಳ ಮಡಿಲಲ್ಲಿದ್ದ ಮೊಬೈಲು ಕಿಣಿಕಿಣಿ ಎಂದಿತು. ಅವಳು ಒಳಗಿದ್ದ ರೊಟ್ಟಿಯನ್ನು ಎಳೆದು ಕೊಟ್ಟು, ಹಲಗೆಯನ್ನು ಕೆಳಗಿಟ್ಟು, ಮೇಜು ಹಿಡಿದು ಎದ್ದಳು.

"ಹೊತ್ತಾಯ್ತು. ಒಂದಕ್ಕೆ ಹೋಗಿ ಬರ್ತೀನಿ," ಎಂದಳು. "ನನಗೆ ತಾನಾಗಿ ಪೂರ್ತಿ ಬರಲ್ಲ, ನಳಿಕೆ ಹಾಕ್ಕೋಬೇಕು, ಅದಕ್ಕೆ ಸ್ವಲ್ಪ ತಡ ಆಗುತ್ತೆ. ಡೇಬೋರಾ, ಕೈ ಕೊಡೇ."

ಅವರಿಬ್ಬರೂ ಅಂಗಳ ದಾಟಿದರು. ಲುಕಿಯಾ ಬಾಯಿ ಮುಚ್ಚಿಕೊಂಡಿದ್ದನ್ನು ಅವತ್ತು ಮೊದಲ ಬಾರಿ ಕಂಡೆ.

"ಲುಕಿಯಾ, ನೀನು ಹಿಡಿ ಹಲಗೆ," ಎಂದಳು ಅವ್ವ.

"ನಾನಂತೂ ಮುಟ್ಟಲ್ಲ, ದೊಡ್ಡಮ್ಮ."

"ಹಾಗಾದ್ರೆ ಹಿಟ್ಟಿನ ಮೇಲೆ ಬಟ್ಟೆ ಮುಚ್ರೆ, ಒಣಗುತ್ತೆ. ನೋಡ್ತಾ ಕೂತಿದ್ದಾರೆ!"

ಜಿಯಾ ಬಸ್ತಿಯಾನಾ ಚಾಕುವನ್ನು ಕೆಳಗಿಟ್ಟಳು. ಅವಳು ಅವ್ವನಿಗಿಂತ ದೊಡ್ಡವಳು, ಊರಿನಲ್ಲಿ ಅವಳ ಎದುರು ಜೋರಾಗಿ ಮಾತಾಡುವವರಿಲ್ಲ. "ಗೊನಾರಿಯಾ," ಎಂದಳು ಅವ್ವನ ಹೆಸರು ಹಿಡಿದು, "ಹೇಗೂ ಕೆಲಸ ನಿಂತಿದೆ. ಅವಳು ಬಂದ್ಮೇಲೆ ನಾನೂ ಹೋಗಿ ಬರ್ತೀನಿ."

"ನೀನಾ?"

"ನಾನೇ. ನಿಮ್ಮ ಅತ್ತೆ ಕಾಲದಿಂದ ಈ ಕೋಣೇಲಿ ತೊಡೆ ಬಿಗಿಹಿಡ್ಕೊಂಡು ಕೂತಿದೀನಿ. ಐದು ಹೆತ್ತವಳು ನಾನು. ನಿಮ್ಮ ರೊಟ್ಟಿಗೆ ಬರೋ ಹಿಂದಿನ ದಿನ ಒಂದು ಹನಿ ಸಾರು ಕುಡಿಯಲ್ಲ, ಗೊತ್ತಾ ನಿನಗೆ?"

ಲುಕಿಯಾ ಕಿಸಕ್ಕೆಂದಳು. "ಹಾಗಾದ್ರೆ ನಂದು ಮೂರನೇ ನಂಬರು. ಎರಡನೇ ಹೆರಿಗೆ ಆದ್ಮೇಲೆ ಸೀನಿದ್ರೂ ಭಯ ನನಗೆ."

ನನಗೂ ತಡೆಯಲಿಲ್ಲ, ನಕ್ಕೆ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವ್ವ ಮಾತ್ರ ನಗಲಿಲ್ಲ. "ಹೋಗಿ, ಎಲ್ಲಾ ಸಾಲಾಗಿ ಹೋಗಿ, ಮೆರವಣಿಗೆ ಮಾಡಿ!" ಎಂದು ಸಿಡುಕಿದಳು. ಮುಖ ಬಿಳುಚಿಕೊಂಡಿತ್ತು. ನಿಯಮ ಮುರಿದ ಕೋಪ ಅಂದುಕೊಂಡೆ.

ರಿಮೇಡಿಯಾ ಮರಳಿ ಬಂದಳು. ಜಿಯಾ ಬಸ್ತಿಯಾನಾ ಹೋದಳು, ಬಂದಳು. ಲುಕಿಯಾ ಓಡಿದಳು. ಒಲೆಯ ಕಾವು ಇಳಿಯುತ್ತಿತ್ತು. "ಅವ್ವ, ನಿನ್ನ ಹತ್ರ ಇರೋ ಆ ಕಟ್ಟಿಗೆ ಕೊಡು," ಎಂದೆ. ಮೂಲೆಯ ಕಟ್ಟಿಗೆ ಅವಳಿಗೆ ಎರಡು ಹೆಜ್ಜೆ ದೂರ.

"ನೀನೇ ತಗೋ," ಎಂದಳು ಅವ್ವ. ಏಳಲಿಲ್ಲ.

ರಿಮೇಡಿಯಾ ಕೂತಿದ್ದ ಮಣೆ ಗಿಡ್ಡ. ಅಲ್ಲಿಂದ ಅವ್ವನ ಕುರ್ಚಿಯ ಕಾಲುಗಳು, ಕೆಳಗಿನ ಕಲ್ಲುನೆಲ ಕಾಣುತ್ತದೆ. ಅವಳು ಅತ್ತ ನೋಡಿದ್ದನ್ನು ನಾನು ನೋಡಿದೆ. ಆಮೇಲೆ ನಾನೂ ನೋಡಿದೆ. ಕುರ್ಚಿಯ ಕೆಳಗೆ ಕಲ್ಲು ಒದ್ದೆಯಾಗಿತ್ತು. ರೊಟ್ಟಿಯ ದಿನ ಎಲ್ಲರೂ ಹೋಗುವ ತನಕ ಅವ್ವ ಕುರ್ಚಿ ಬಿಟ್ಟು ಏಳದಿದ್ದದ್ದು, ನೆಲ ನಾನೇ ತೊಳೀತೀನಿ ಎಂದು ಹಟ ಹಿಡಿಯುತ್ತಿದ್ದದ್ದು, ಅವಳ ಬಟ್ಟೆಯನ್ನು ನನ್ನ ಕೈಗೆ ಕೊಡದೆ ತಾನೇ ಒಗೆದುಕೊಳ್ಳುತ್ತಿದ್ದದ್ದು, ಎಲ್ಲ ಒಟ್ಟಿಗೇ ಅರ್ಥವಾಯಿತು. ಕಡಿಮೆ ಕುಡಿದರೆ ಕಡಿಮೆ ಕಷ್ಟ ಎಂಬುದನ್ನು ಅವಳು ಸೊಸೆಗೆಂದು ಹುಡುಕಿದ್ದಲ್ಲ. ತಾನು ಬದುಕಿದ ದಾರಿಯನ್ನೇ ಕೊಟ್ಟಿದ್ದಳು.

ರಿಮೇಡಿಯಾ ಎದ್ದಳು. ರೊಟ್ಟಿ ಮುಚ್ಚುವ ಅಗಲವಾದ ಉಣ್ಣೆಬಟ್ಟೆಯೊಂದನ್ನು ಎಳೆದುಕೊಂಡು ಅವ್ವನ ಬಳಿಗೆ ಹೋದಳು.

"ಅತ್ತೆ," ಎಂದಳು, "ನನ್ನ ಕೋಲು ಒಳಗೇ ಮರ್ತು ಬಂದೆ. ಕಾಲು ಸೋಲ್ತಿದೆ. ಬಚ್ಚಲಮನೆವರೆಗೆ ಸ್ವಲ್ಪ ಹಿಡ್ಕೊಂಡು ಬರ್ತೀರಾ? ಈ ಬಟ್ಟೆ ಸೊಂಟಕ್ಕೆ ಸುತ್ಕೊಳ್ಳಿ, ಬೆಂಕಿ ಮುಂದಿಂದ ಹೊರಗೆ ಹೋದ್ರೆ ಚಳಿ ಹಿಡಿಯುತ್ತೆ."

ಕೋಲು ಮೇಜಿಗೆ ಒರಗಿಕೊಂಡೇ ಇತ್ತು, ಜಿಯಾ ಬಸ್ತಿಯಾನಾಳ ಮೊಣಕೈಗೆ ತಾಗುತ್ತ. ಜಿಯಾ ಅದನ್ನು ನೋಡಿ, ತನ್ನ ಹೆಗಲ ಶಾಲನ್ನು ಅದರ ಮೇಲೆ ಜಾರಿಸಿದಳು. ಲುಕಿಯಾ ಒಲೆಯ ಕಡೆ ತಿರುಗಿ ಸುಮ್ಮನೆ ಬೂದಿ ಕೆದಕಿದಳು.

ಅವ್ವ ರಿಮೇಡಿಯಾಳ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬಟ್ಟೆ ಸುತ್ತಿಕೊಂಡು ಎದ್ದಳು. ಯಾರು ಯಾರನ್ನು ಹಿಡಿದುಕೊಂಡಿದ್ದರೋ, ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಿ ಅಂಗಳ ದಾಟಿದರು. ಬಚ್ಚಲಮನೆಯ ಆ ದೊಡ್ಡ ಚಿಲಕ ಎಳೆದ ಸದ್ದು ನಮ್ಮವರೆಗೂ ಕೇಳಿಸಿತು. ನಾನು ಒಂದು ಬಕೆಟ್ ನೀರು ತಂದು ಆ ಮೂಲೆಯ ನೆಲಕ್ಕೆ ಸುರಿದೆ. "ಹಿಟ್ಟು ಬಿದ್ದಿತ್ತು," ಎಂದೆ.

"ಬಿದ್ದಿರುತ್ತೆ," ಎಂದಳು ಜಿಯಾ ಬಸ್ತಿಯಾನಾ.

ಒಳಗೆ ಬಹಳ ಹೊತ್ತಾಯಿತು. ಒಲೆ ಪೂರ್ತಿ ಇಳಿದುಹೋಯಿತು. ನಾವು ಮೂವರೂ ಮುಚ್ಚಿದ ಹಿಟ್ಟಿನ ಮುಂದೆ ಸುಮ್ಮನೆ ಕೂತಿದ್ದೆವು, ಒಬ್ಬಳೂ ಅವಸರ ಮಾಡಲಿಲ್ಲ.

ಅವರು ಬಂದಾಗ ಮೊದಲು ನೋಡಿದ್ದು ಲುಕಿಯಾ. ಅವಳ ಕೈಲಿದ್ದ ಕಟ್ಟಿಗೆ ಹಾಗೇ ನಿಂತಿತು. ಅವ್ವ ರಿಮೇಡಿಯಾಳ ಲಂಗ ಉಟ್ಟಿದ್ದಳು. ನೀಲಿ ಲಂಗ, ಮೇಲೆ ಹಳದಿ ಹೂವು. ಮಧ್ಯಾಹ್ನದ ಬಿಸಿಲಲ್ಲಿ, ಅಷ್ಟು ದೊಡ್ಡ ಅಂಗಳದ ನಡುವೆ, ಬಟ್ಟೆಯನ್ನೂ ಸುತ್ತಿಕೊಳ್ಳದೆ, ನೆಟ್ಟಗೆ ನಡೆದು ಬಂದು ನಮ್ಮೆದುರು ನಿಂತಳು.

"ಏನ್ರೇ ನೋಡ್ತಿದೀರಾ?" ಎಂದಳು. "ಒಲೆ ಆರ್ತಿದೆ, ಕಟ್ಟಿಗೆ ಹಾಕಿ. ರಿಮೇಡಿಯಾ, ನಿನ್ನ ಜಾಗದಲ್ಲಿ ಕೂತ್ಕೋ."